ಏಳು ಸಾವಿರ ಆಸನ ಭರ್ತಿ, ಆದರೂ ಹಣದ ಚಿಂತೆ: ಬ್ರೆಗೆನ್ಜ್ ಸರೋವರ ಉತ್ಸವದ ಒಳಲೆಕ್ಕ

ಆಸ್ಟ್ರಿಯಾದ ಪಶ್ಚಿಮ ತುದಿಯಲ್ಲಿರುವ ಬ್ರೆಗೆನ್ಜ್ ಊರಿನಿಂದ 2025ರಲ್ಲಿ ಎರಡು ಸುದ್ದಿಗಳು ಬಂದವು. ಸರೋವರದ ಮೇಲೆ ಆಡುವ ಒಪೆರಾಕ್ಕೆ, ಅಂದರೆ ಹಾಡಿನಲ್ಲೇ ಕಥೆ ಹೇಳುವ ಸಂಗೀತನಾಟಕಕ್ಕೆ, ಜನ ಎಂದಿನಂತೆ ಕಿಕ್ಕಿರಿದಿದ್ದಾರೆ ಎಂಬುದು ಒಂದು. ಅದೇ ಉತ್ಸವಕ್ಕೆ ಕೊಡುತ್ತಿದ್ದ ಸಹಾಯಧನವನ್ನು ಸರ್ಕಾರ ಗಣನೀಯವಾಗಿ ಕಡಿತ ಮಾಡಿದೆ, ಉತ್ಸವದವರು ಕಂಗಾಲಾಗಿದ್ದಾರೆ ಎಂಬುದು ಇನ್ನೊಂದು. ಓದಿದವರಿಗೆ ಸಹಜವಾಗಿಯೇ ಗೊಂದಲವಾಯಿತು. ರಾತ್ರಿಗೆ ಏಳು ಸಾವಿರ ಟಿಕೆಟ್ ಮಾರುವವರಿಗೆ ಸಹಾಯಧನ ಯಾಕೆ ಬೇಕು? ಬೇಕಿಲ್ಲವಾದರೆ ಕಡಿತಕ್ಕೆ ಈ ಪರಿ ಆತಂಕ ಯಾಕೆ?

ಸಹಾಯಧನದಿಂದಲೇ ಸರೋವರದ ಮೇಲಿನ ಅದ್ದೂರಿ ಪ್ರದರ್ಶನ ನಡೆಯುತ್ತದೆ ಎಂದು ಭಾವಿಸುವುದರಿಂದ ಈ ಗೊಂದಲ ಹುಟ್ಟುತ್ತದೆ. ಹಣ ಹರಿಯುವ ದಿಕ್ಕು ಹೆಚ್ಚುಕಡಿಮೆ ಇದಕ್ಕೆ ತಿರುವುಮುರುವು.

ದೋಣಿಯಿಂದ ಶುರುವಾದದ್ದು

ಬ್ರೆಗೆನ್ಜ್‌ನ ಜನಸಂಖ್ಯೆ 30 ಸಾವಿರದ ಆಸುಪಾಸು. ಬೆನ್ನಿಗೆ 1,064 ಮೀಟರ್ ಎತ್ತರದ ಫೆಂಡರ್ ಬೆಟ್ಟ, ಮುಂದೆ ಆಸ್ಟ್ರಿಯಾ, ಜರ್ಮನಿ, ಸ್ವಿಜರ್ಲೆಂಡ್ ಮೂರೂ ದೇಶಗಳು ಸುತ್ತುವರಿದ ಕಾನ್‌ಸ್ಟನ್ಸ್ ಸರೋವರ. ಎರಡನೇ ಮಹಾಯುದ್ಧ ಮುಗಿದ ಮರುವರ್ಷ, ಅಂದರೆ 1946ರಲ್ಲಿ, ಇಲ್ಲಿ ಸಂಗೀತೋತ್ಸವ ಮಾಡಬೇಕೆಂದು ಹೊರಟಾಗ ಊರಿನಲ್ಲಿ ಸರಿಯಾದ ರಂಗಮಂದಿರವೇ ಇರಲಿಲ್ಲ. ಜಲ್ಲಿ ಸಾಗಿಸುವ ಎರಡು ದೋಣಿಗಳನ್ನು ದಡಕ್ಕೆ ಕಟ್ಟಿದರು. ಒಂದರ ಮೇಲೆ ರಂಗ, ಇನ್ನೊಂದರ ಮೇಲೆ ವಾದ್ಯವೃಂದ. ಆಡಿದ್ದು ಮೋಟ್ಸಾರ್ಟ್ ಬಾಲ್ಯದಲ್ಲಿ ರಚಿಸಿದ ‘ಬಾಸ್ಟಿಯನ್ ಮತ್ತು ಬಾಸ್ಟಿಯೆನ್’. ಆಗಿನಿಂದಲೂ ವಿಯೆನ್ನಾ ಸಿಂಫನಿ ವಾದ್ಯವೃಂದ ಇಲ್ಲಿ ನುಡಿಸುತ್ತಿದೆ.

ಇಂದು ಉತ್ಸವ ಜುಲೈ ಮಧ್ಯದಿಂದ ಆಗಸ್ಟ್ ಮೂರನೇ ವಾರದವರೆಗೆ ನಡೆಯುತ್ತದೆ. ದಡದಲ್ಲಿ ಸುಮಾರು 7,000 ಆಸನಗಳ ಬಯಲು ಗ್ಯಾಲರಿ ಇದೆ. ಅದಕ್ಕೆ ಅಂಟಿಕೊಂಡಂತೆ 1980ರಲ್ಲಿ ತೆರೆದ ಉತ್ಸವ ಭವನ, ಅದರ ದೊಡ್ಡ ಸಭಾಂಗಣದಲ್ಲಿ 1,650ರಷ್ಟು ಆಸನ. ಮುಂದಿನ ಲೆಕ್ಕವೆಲ್ಲ ನಿಂತಿರುವುದು ಈ ಎರಡು ಸಂಖ್ಯೆಗಳ ಅಂತರದ ಮೇಲೆ.

ತೇಲದ ‘ತೇಲುವ ರಂಗ’

ಜಗತ್ತಿನ ಅತಿ ದೊಡ್ಡ ತೇಲುವ ರಂಗ ಎಂದು ಇದಕ್ಕೆ ಹೆಸರು. ವಾಸ್ತವದಲ್ಲಿ ಅದು ತೇಲುವುದಿಲ್ಲ. ನೀರಿನೊಳಗೆ ಕಾಂಕ್ರೀಟಿನ ಒಂದು ಕಟ್ಟಡ ಕಾಯಂ ಆಗಿ ನಿಂತಿದೆ. ಅದರ ಸುತ್ತ ಸರೋವರದ ತಳಕ್ಕೆ ಕಂಬಗಳನ್ನು ಬಡಿದು, ಮೇಲೆ ಉಕ್ಕು, ಮರ ಜೋಡಿಸಿ ರಂಗಸಜ್ಜಿಕೆ ಎಬ್ಬಿಸುತ್ತಾರೆ.

ಹೀಗೆ ಮಾಡಲು ಕಾರಣವಿದೆ. ಈ ಸರೋವರದ ಮಟ್ಟವನ್ನು ಹಿಡಿದಿಡುವ ಅಣೆಕಟ್ಟು ಇಲ್ಲ. ಚಳಿಗಾಲದಲ್ಲಿ ನೀರು ಇಳಿಯುತ್ತದೆ, ಆಲ್ಪ್ಸ್‌ನ ಹಿಮ ಕರಗಿದಾಗ ಏರುತ್ತದೆ. ಸಾಮಾನ್ಯ ವರ್ಷದಲ್ಲೇ ಈ ಏರಿಳಿತ ಒಂದೂವರೆ ಮೀಟರ್‌ಗೆ ಹತ್ತಿರ. ನಿಜವಾಗಿ ತೇಲುವ ರಂಗವಾದರೆ ಗಾಳಿಗೆ, ಹಡಗು ಎಬ್ಬಿಸುವ ಅಲೆಗೆ ಓಲಾಡುತ್ತದೆ. ನೂರಾರು ಟನ್ ತೂಕ ಅದರ ಮೇಲೆ ನಿಲ್ಲದು. ‘ಮದಾಮ ಬಟರ್‌ಫ್ಲೈ’ ಒಪೆರಾಕ್ಕೆಂದು 2022ರಲ್ಲಿ ನಿಲ್ಲಿಸಿದ ಕಾಗದದ ಹಾಳೆಯಾಕಾರದ ಸಜ್ಜಿಕೆ 23 ಮೀಟರ್ ಎತ್ತರ, 300 ಟನ್ ತೂಕ. ನೋಡುವವರಿಗೆ ಹಗುರ ಕಾಗದ, ಎಂಜಿನಿಯರ್‌ಗಳಿಗೆ ಗಾಳಿಗೆ ಎದೆಯೊಡ್ಡಿ ನಿಂತ ಗೋಡೆ. ಅಷ್ಟು ಅಗಲದ ಮೇಲ್ಮೈಗೆ ಬಿರುಗಾಳಿ ಹೊಡೆದರೆ ಬುಡದ ಕಂಬಗಳ ಮೇಲೆ ಬೀಳುವ ಒತ್ತಡ ಸಜ್ಜಿಕೆಯ ತೂಕಕ್ಕಿಂತಲೂ ದೊಡ್ಡ ತಲೆನೋವು. ಗಾಳಿಯ ವೇಗ ಇಮ್ಮಡಿಯಾದರೆ ಒತ್ತಡ ನಾಲ್ಕು ಪಟ್ಟಾಗುತ್ತದೆ.

ಇಂಥದ್ದನ್ನು ಒಂದೇ ಬೇಸಿಗೆಗೆಂದು ಕಟ್ಟಿ ಕೆಡವಿದರೆ ಖರ್ಚು ಹುಟ್ಟುವುದಿಲ್ಲ. ಹಾಗಾಗಿ 1985ರಿಂದ ಒಂದು ಒಪೆರಾವನ್ನು ಎರಡು ಬೇಸಿಗೆ ಆಡುವ ಕ್ರಮ ಬಂದಿದೆ. ನಡುವಿನ ಚಳಿಗಾಲವಿಡೀ ಸಜ್ಜಿಕೆ ಮಳೆ, ಹಿಮ, ತುಕ್ಕು ತಿನ್ನುತ್ತ ನೀರಿನಲ್ಲೇ ನಿಂತಿರುತ್ತದೆ. ವೆಬರ್‌ನ ‘ಫ್ರೈಶುಟ್ಸ್’ 2024 ಮತ್ತು 2025ರಲ್ಲಿ ನಡೆಯಿತು. ನಿರ್ದೇಶಕ ಫಿಲಿಪ್ ಸ್ಟೋಲ್ಜ್‌ಲ್ ಅದಕ್ಕಾಗಿ ಅರ್ಧ ಮುಳುಗಿದ ಹಳ್ಳಿಯೊಂದನ್ನೇ ನಿರ್ಮಿಸಿದ್ದರು. ವರ್ಡಿಯ ‘ಲಾ ಟ್ರಾವಿಯಾಟಾ’ 2026 ಮತ್ತು 2027ಕ್ಕೆ ನಿಗದಿಯಾಗಿದೆ.

ಎರಡು ವರ್ಷದ ಕ್ರಮಕ್ಕೆ ತೆರಬೇಕಾದ ಬೆಲೆಯೂ ಇದೆ. ಬೇಸಿಗೆಗೆ 25 ರಾತ್ರಿ ಎಂದಿಟ್ಟುಕೊಂಡರೂ ಎರಡು ವರ್ಷಕ್ಕೆ ಮೂರೂವರೆ ಲಕ್ಷ ಟಿಕೆಟ್ ಮಾರಬೇಕು. ಒಪೆರಾ ಗೊತ್ತಿಲ್ಲದವರೂ ಹೆಸರು ಕೇಳಿರುವ ಕೃತಿ ಬೇಕಾಗುವುದು ಇದಕ್ಕೇ. ‘ಕಾರ್ಮೆನ್’, ‘ತುರಾಂದೋ’, ‘ರಿಗೊಲೆಟ್ಟೊ’ ಸರದಿ ಪ್ರಕಾರ ಬರುವುದು ಆಯ್ಕೆಗಾರರ ಸೋಮಾರಿತನದಿಂದಲ್ಲ. ಕಡಿಮೆ ಪರಿಚಿತವಾದ ‘ಆಂದ್ರೆ ಶೆನಿಯೆ’ಯನ್ನು 2011 ಮತ್ತು 2012ರಲ್ಲಿ ಆಡಿದಾಗ ಸಜ್ಜಿಕೆಯನ್ನು ಜನ ಹೊಗಳಿದರು, ಟಿಕೆಟ್ ಮಾರಾಟ ಮಾತ್ರ ಸೊರಗಿತು. ಮುಂದಿನ ಎರಡು ಬೇಸಿಗೆಗೆ ಮೋಟ್ಸಾರ್ಟ್‌ನ ‘ಮ್ಯಾಜಿಕ್ ಫ್ಲೂಟ್’ ಬಂತು, ಗ್ಯಾಲರಿ ತುಂಬಿ ತುಳುಕಿತು. ಒಮ್ಮೆ ಆಯ್ಕೆ ಎಡವಿದರೆ ಎರಡು ವರ್ಷ ಅದೇ ನಷ್ಟವನ್ನು ಹೊತ್ತು ನಡೆಯಬೇಕು, ನಡುವೆ ಬದಲಿಸುವಂತಿಲ್ಲ.

ಹಾಡುವವರು ಹೊರಗೆ, ನುಡಿಸುವವರು ಒಳಗೆ

ಮೊದಲ ಸಲ ನೋಡುವವರಿಗೆ ವಿಚಿತ್ರವೆನಿಸುವ ಸಂಗತಿ ಎಂದರೆ ವಾದ್ಯವೃಂದ ರಂಗದ ಹತ್ತಿರ ಎಲ್ಲೂ ಕಾಣುವುದಿಲ್ಲ. ಅದು ಪಕ್ಕದ ಭವನದೊಳಗೆ ಕುಳಿತು ನುಡಿಸುತ್ತದೆ. ತೇವಕ್ಕೆ ಪಿಟೀಲಿನ ಮರ ಹಿಗ್ಗುತ್ತದೆ, ಶ್ರುತಿ ನಿಲ್ಲುವುದಿಲ್ಲ; ಮಳೆ ಹನಿ ಬಿದ್ದರಂತೂ ವಾದ್ಯದವರು ಎದ್ದು ಹೋಗಲೇಬೇಕು. ಒಳಗಿದ್ದರೆ ಆ ಸಮಸ್ಯೆ ಇಲ್ಲ. ವಾದ್ಯವೃಂದವನ್ನು ನಡೆಸುವ ನಿರ್ವಾಹಕನ ಕೈಸನ್ನೆ ಕ್ಯಾಮೆರಾ ಮೂಲಕ ಹೊರಗಿನ ಪರದೆಗಳಿಗೆ ಬರುತ್ತದೆ, ಗಾಯಕರ ದನಿ ಮೈಕ್ ಮೂಲಕ ಒಳಗೆ ಹೋಗುತ್ತದೆ. ಎರಡನ್ನೂ ಬೆರೆಸಿ ಗ್ಯಾಲರಿಗೆ ಕೊಡುವುದು ಧ್ವನಿ ವಿಭಾಗ.

ಇಲ್ಲಿ ಕಷ್ಟ ಇರುವುದು ದನಿಯನ್ನು ಜೋರು ಮಾಡುವುದರಲ್ಲಲ್ಲ, ಅದು ಎಲ್ಲಿಂದ ಬಂತು ಎಂದು ಕಿವಿಗೆ ನಂಬಿಸುವುದರಲ್ಲಿ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಚಲಿಸುತ್ತದೆ. ಗಾಯಕಿ 68 ಮೀಟರ್ ದೂರದಲ್ಲಿದ್ದರೆ ಆಕೆಯ ದನಿ ಪ್ರೇಕ್ಷಕನನ್ನು ಮುಟ್ಟಲು 0.2 ಸೆಕೆಂಡ್ ಬೇಕು. ಮೈಕ್‌ನ ಸಂಕೇತ ತಂತಿಯಲ್ಲಿ ತಕ್ಷಣ ಬಂದು ಪ್ರೇಕ್ಷಕನ ಪಕ್ಕದ ಸ್ಪೀಕರ್‌ನಿಂದ ಹೊರಟರೆ ಅದೇ ಮೊದಲು ಕೇಳಿಸುತ್ತದೆ. ಕಿವಿ ಮೊದಲು ಬಂದ ಶಬ್ದದ ದಿಕ್ಕನ್ನೇ ನಂಬುವುದರಿಂದ, ಎಡಗಡೆ ಹಾಡುತ್ತಿರುವವಳ ದನಿ ಬಲಗಡೆಯಿಂದ ಬಂದಂತೆ ಅನಿಸುತ್ತದೆ. ತೆರೆದ ಮೈದಾನದ ಕಛೇರಿಗಳಲ್ಲಿ ಇದು ದಿನನಿತ್ಯದ ದೋಷ. ಪ್ರತಿ ಸ್ಪೀಕರ್‌ನ ದನಿಯನ್ನೂ ಲೆಕ್ಕ ಹಾಕಿ ತಡಮಾಡಿ, ರಂಗದ ದಿಕ್ಕಿನ ದನಿ ಕೆಲವೇ ಮಿಲಿಸೆಕೆಂಡ್ ಮುಂಚೆ ತಲುಪುವಂತೆ ಮಾಡುವುದೇ ಪರಿಹಾರ. ಗಾಯಕಿ ರಂಗದ ಮೇಲೆ ಓಡಾಡಿದಂತೆ ಲೆಕ್ಕವೂ ಬದಲಾಗಬೇಕು. ಬ್ರೆಗೆನ್ಜ್ ಇದಕ್ಕಾಗಿಯೇ ತನ್ನದೇ ಆದ ಧ್ವನಿ ವ್ಯವಸ್ಥೆ ಬೆಳೆಸಿಕೊಂಡಿದೆ. ನೂರಾರು ಸ್ಪೀಕರ್‌ಗಳು ಗ್ಯಾಲರಿಯ ಸುತ್ತಲೂ ಸಜ್ಜಿಕೆಯ ಒಳಗೂ ಅಡಗಿವೆ.

ಮುಖ್ಯ ಪಾತ್ರಗಳಿಗೆ ಒಬ್ಬರೇ ಗಾಯಕರಿದ್ದರೆ ಸಾಲದು. ಹೆಚ್ಚುಕಡಿಮೆ ಪ್ರತಿ ರಾತ್ರಿಯೂ ಆಟವಿರುವುದರಿಂದ ಎರಡು ಅಥವಾ ಮೂರು ಜನರನ್ನು ಸರದಿಯಲ್ಲಿ ಇಟ್ಟುಕೊಳ್ಳುತ್ತಾರೆ. ಇದೆಲ್ಲ ಮಳೆ ಬಂದರೂ ಬಾರದಿದ್ದರೂ ಆಗುವ ಖರ್ಚು.

ಒಂದು ಮಳೆ ರಾತ್ರಿಯ ಬೆಲೆ

ಆಟ ಶುರುವಾಗುವುದು ಕತ್ತಲಾಗುವ ಹೊತ್ತಿಗೆ, ಒಂಬತ್ತರ ಸುಮಾರಿಗೆ. ನಡುವೆ ವಿರಾಮವಿಲ್ಲ. ತುಂತುರು ಮಳೆಗೆ ನಿಲ್ಲಿಸುವುದಿಲ್ಲ. ಹಿಂದಿನವರಿಗೆ ಅಡ್ಡವಾಗುತ್ತದೆಂದು ಗ್ಯಾಲರಿಯಲ್ಲಿ ಕೊಡೆ ಬಿಡಿಸುವಂತಿಲ್ಲ. ಮಳೆಯಂಗಿ ತೊಟ್ಟು ಕೂರಬೇಕು. ಹೋಗುವ ಯೋಚನೆ ಇರುವವರು ಟೊಪ್ಪಿಗೆಯಿರುವ ಮಳೆಯಂಗಿಯ ಜೊತೆಗೆ ದಪ್ಪ ಬಟ್ಟೆಯನ್ನೂ ಒಯ್ಯುವುದು ಒಳ್ಳೆಯದು, ಜುಲೈ ಆದರೂ ನೀರಿನ ಮೇಲಿನ ಗಾಳಿ ರಾತ್ರಿ ಹನ್ನೊಂದರ ಹೊತ್ತಿಗೆ ಕೊರೆಯುತ್ತದೆ.

ನಿಲ್ಲಿಸುವಂತೆ ಮಾಡುವುದು ಸಿಡಿಲು ಮತ್ತು ಬಿರುಗಾಳಿ. ಸರೋವರದ ಸುತ್ತ ಕಿತ್ತಳೆ ಬಣ್ಣದ ಎಚ್ಚರಿಕೆ ದೀಪಗಳಿವೆ. ನಿಮಿಷಕ್ಕೆ 40 ಸಲ ಮಿನುಗಿದರೆ ಜೋರು ಗಾಳಿಯ ಮುನ್ಸೂಚನೆ, 90 ಸಲ ಮಿನುಗಿದರೆ ಬಿರುಗಾಳಿ. ದೋಣಿಯವರಿಗೆಂದು ಇರುವ ವ್ಯವಸ್ಥೆ ಇದು. ಉತ್ಸವದವರು ಇದರ ಜೊತೆಗೆ ಹವಾಮಾನ ರೇಡಾರನ್ನೂ ನೋಡುತ್ತ ಕೂರುತ್ತಾರೆ. ‘ಬಟರ್‌ಫ್ಲೈ’ಯ ಮೊದಲ ಪ್ರದರ್ಶನವೇ, 2022ರ ಜುಲೈ 20ರಂದು, ಗುಡುಗು ಸಹಿತ ಮಳೆಯಿಂದಾಗಿ ಅರ್ಧಕ್ಕೆ ನಿಂತು ಭವನದೊಳಗೆ ಮುಂದುವರಿಯಿತು.

ಒಳಗೆ ಸ್ಥಳಾಂತರಿಸುವುದು ಕಲಾವಿದರ ಮಟ್ಟಿಗೆ ಕಷ್ಟವೇನಲ್ಲ. ವಾದ್ಯವೃಂದ ಹೇಗೂ ಒಳಗೇ ಇದೆ. ದೊಡ್ಡ ಸಜ್ಜಿಕೆಯಿಲ್ಲದೆ ವೇಷ ತೊಟ್ಟು ಹಾಡುತ್ತಾರೆ. ತೊಡಕಿರುವುದು ಜಾಗದಲ್ಲಿ. ಹೆಚ್ಚಿನ ದರದ, ಭವನದಲ್ಲೂ ಸೀಟು ಕೊಡುವ ಟಿಕೆಟ್ ಇದ್ದವರು ಒಳಗೆ ಹೋಗುತ್ತಾರೆ. ಆಟ ಶುರುವೇ ಆಗದಿದ್ದರೆ ಅಥವಾ ನಿಗದಿತ ಅವಧಿಗೆ ಮೊದಲೇ ನಿಂತರೆ ಉಳಿದವರಿಗೆ ಹಣ ವಾಪಸು.

ಲೆಕ್ಕಕ್ಕೆಂದು ಸರಾಸರಿ ಟಿಕೆಟ್ 100 ಯೂರೊ ಎಂದು ಊಹಿಸೋಣ. ತುಂಬಿದ ರಾತ್ರಿಯ ಗಳಿಕೆ 7 ಲಕ್ಷ ಯೂರೊ. ಮಳೆ ಬಂದರೆ 5,350 ಜನರಿಗೆ ಹಣ ಮರಳಿಸಬೇಕು, ಅಂದರೆ 5.35 ಲಕ್ಷ ಕೈಬಿಟ್ಟಿತು. ಗಾಯಕರ ಸಂಭಾವನೆ, ವಾದ್ಯವೃಂದ, ವಿದ್ಯುತ್, ಕಾವಲು ಯಾವುದೂ ಒಂದು ಪೈಸೆ ಇಳಿಯುವುದಿಲ್ಲ. ಇಂಥ ಮೂರು ರಾತ್ರಿ ಬಂದರೆ 16 ಲಕ್ಷ ಯೂರೊ ಹೋಯಿತು. ಉತ್ತಮ ಬೇಸಿಗೆಯಲ್ಲಿ ಉಳಿಸಿದ್ದನ್ನು ಕೆಟ್ಟ ಬೇಸಿಗೆ ತಿಂದುಹಾಕುತ್ತದೆ. ಟಿಕೆಟ್ ಖಾಲಿಯಾಗಿದೆ ಎಂಬ ಸುದ್ದಿ ಬಂದ ದಿನಕ್ಕೂ ಆ ಹಣ ನಿಜವಾಗಿ ತಮ್ಮದಾಗುವ ದಿನಕ್ಕೂ ನಡುವೆ ಆಕಾಶವಿದೆ.

ಸಹಾಯಧನದಿಂದ ಏನು ನಡೆಯುತ್ತದೆ

ಉತ್ಸವ ಎಂದರೆ ಸರೋವರದ ಒಪೆರಾ ಮಾತ್ರವಲ್ಲ. ಭವನದೊಳಗೆ ಪ್ರತಿ ವರ್ಷ ಒಂದು ಅಪರೂಪದ ಒಪೆರಾ, ವಾದ್ಯವೃಂದದ ಕಛೇರಿಗಳು, ಪಕ್ಕದ ಕಾರ್ಯಾಗಾರ ರಂಗದಲ್ಲಿ ಹೊಸ ಸಂಗೀತನಾಟಕ, ಎಳೆಯ ಗಾಯಕರ ತರಬೇತಿ, ಮಕ್ಕಳ ಕಾರ್ಯಕ್ರಮ ಎಲ್ಲ ಇವೆ. ಇವ್ಯಾವುವೂ ಟಿಕೆಟ್ ಹಣದಲ್ಲಿ ನಿಲ್ಲುವಂಥವಲ್ಲ. 1,650 ಆಸನದಲ್ಲಿ ಮೂರು ನಾಲ್ಕು ಸಲ ಆಡುವ ಒಪೆರಾಕ್ಕೂ ನಿರ್ದೇಶಕ, ಸಜ್ಜಿಕೆ, ವಾರಗಟ್ಟಲೆ ತಾಲೀಮು ಬೇಕು.

ಮಿಯೆಚಿಸ್ಲಾವ್ ವೈನ್‌ಬರ್ಗ್ ನಾಜಿಗಳ ಆಶ್‌ವಿಟ್ಸ್ ಯಾತನಾ ಶಿಬಿರದ ನೆನಪಿನ ಸುತ್ತ ‘ಪ್ಯಾಸೆಂಜರ್’ ಎಂಬ ಒಪೆರಾವನ್ನು 1968ರಲ್ಲಿ ಮುಗಿಸಿದರು. ಅವರು ತೀರಿಕೊಳ್ಳುವವರೆಗೂ ಅದು ರಂಗಕ್ಕೇರಲಿಲ್ಲ. ಪೂರ್ಣ ಪ್ರಮಾಣದಲ್ಲಿ ಅದನ್ನು ಮೊದಲು ರಂಗಕ್ಕೆ ತಂದದ್ದು 2010ರಲ್ಲಿ, ಇದೇ ಬ್ರೆಗೆನ್ಜ್‌ನ ಭವನದಲ್ಲಿ. ಆಮೇಲೆ ಅದು ವಾರ್ಸಾ, ಲಂಡನ್, ಹ್ಯೂಸ್ಟನ್‌ಗೂ ಹೋಯಿತು. ಆ ಬೇಸಿಗೆ ಸರೋವರದ ಮೇಲೆ ‘ಐಡಾ’ ನಡೆಯುತ್ತಿತ್ತು. ಜನಪ್ರಿಯ ಕೃತಿಯ ಬೆನ್ನಿಗೆ ಅಪರಿಚಿತ ಕೃತಿಯನ್ನು ಕೂರಿಸಿ ದಡ ಸೇರಿಸುವುದು ಬ್ರೆಗೆನ್ಜ್‌ನ ಸೂತ್ರ. ಫಿನ್‌ಲೆಂಡ್‌ನ ಗಾಯಕಿ ಲಿಲ್ಲಿ ಪಾಸಿಕಿವಿ ಕಲಾ ನಿರ್ದೇಶಕಿಯಾದ ಮೊದಲ ವರ್ಷ, 2025ರಲ್ಲಿ, ಒಳಗೆ ಎನೆಸ್ಕುವಿನ ‘ಈಡಿಪ್’ ಆಡಿಸಿದ್ದು ಅದೇ ಸೂತ್ರದಲ್ಲಿ.

ನಮ್ಮಲ್ಲಿ ದಸರೆಯ ಅರಮನೆ ಮುಂದಿನ ಕಛೇರಿಗಳನ್ನು ನೋಡಿ ಬೆಳೆದವರಿಗೆ ಈ ಲೆಕ್ಕ ತಕ್ಷಣ ಹೊಳೆಯದಿರಬಹುದು. ಅಲ್ಲಿ ಸರ್ಕಾರ ಖರ್ಚು ಹೊರುತ್ತದೆ, ಜನ ಉಚಿತವಾಗಿ ಕೇಳುತ್ತಾರೆ. ಬ್ರೆಗೆನ್ಜ್ ಬಜೆಟ್‌ನ ಬಹುಪಾಲನ್ನು ತಾನೇ ದುಡಿಯುತ್ತದೆ. ಸಹಾಯಧನ ಉಳಿದ ಭಾಗಕ್ಕೆ ಮಾತ್ರ. ಆ ಭಾಗ ನಿಖರವಾಗಿ ನಷ್ಟದ ಭಾಗವೂ ಹೌದು, ಮಳೆಯ ವಿಮೆಯೂ ಹೌದು.

ಕೊಡುವವರ ಕೈ ಏಕೆ ಬಿಗಿಯಿತು

ಸಹಾಯಧನವನ್ನು ಮೂವರು ಹಂಚಿಕೊಂಡು ಕೊಡುತ್ತಾರೆ: ಕೇಂದ್ರ ಸರ್ಕಾರ ಶೇ 40, ಬ್ರೆಗೆನ್ಜ್ ಇರುವ ಫೊರಾರ್ಲ್‌ಬರ್ಗ್ ಪ್ರಾಂತ್ಯ ಶೇ 35, ಬ್ರೆಗೆನ್ಜ್ ನಗರ ಶೇ 25. ಆಸ್ಟ್ರಿಯಾದ ವಿತ್ತೀಯ ಕೊರತೆ 2024ರಲ್ಲಿ ಜಿಡಿಪಿಯ ಶೇ 4.7ಕ್ಕೆ ಏರಿತು. ಐರೋಪ್ಯ ಒಕ್ಕೂಟದ ಮಿತಿ ಶೇ 3. ಒಕ್ಕೂಟ 2025ರ ಜುಲೈನಲ್ಲಿ ಆಸ್ಟ್ರಿಯಾದ ವಿರುದ್ಧ ಅಧಿಕ ಕೊರತೆಯ ಕ್ರಮ, ಅಂದರೆ ಕೊರತೆ ತಗ್ಗಿಸುವಂತೆ ಒತ್ತಡ ಹೇರುವ ಪ್ರಕ್ರಿಯೆ, ಆರಂಭಿಸಿತು. ಅದೇ ವರ್ಷದ ಮಾರ್ಚ್‌ನಲ್ಲಿ ಅಧಿಕಾರಕ್ಕೆ ಬಂದಿದ್ದ ಮೂರು ಪಕ್ಷಗಳ ಮೈತ್ರಿ ಸರ್ಕಾರಕ್ಕೆ ಎಲ್ಲ ಇಲಾಖೆಗಳಲ್ಲೂ ಕತ್ತರಿ ಆಡಿಸದೆ ದಾರಿಯಿರಲಿಲ್ಲ.

ಶೇಕಡಾವಾರು ಹಂಚಿಕೆಗೆ ಒಂದು ಗುಣವಿದೆ. ಒಬ್ಬರು ಕೈ ಹಿಂದಕ್ಕೆಳೆದರೆ ಅನುಪಾತ ಕಾಪಾಡುವ ಹೆಸರಿನಲ್ಲಿ ಉಳಿದಿಬ್ಬರೂ ಹಿಂದಕ್ಕೆಳೆಯಬಹುದು. ನಗರಸಭೆಯ ಮೇಲಿನ ಭಾರ ನೋಡಿದರೆ ಅದು ಅರ್ಥವಾಗುವಂಥದ್ದೇ. ಶೇ 40ನ್ನು 90 ಲಕ್ಷಕ್ಕೂ ಹೆಚ್ಚಿರುವ ದೇಶದ ಜನರ ಮೇಲೆ, ಶೇ 25ನ್ನು 30 ಸಾವಿರ ಊರವರ ಮೇಲೆ ಹಂಚಿ ನೋಡಿ: ತಲಾ ಲೆಕ್ಕದಲ್ಲಿ ಬ್ರೆಗೆನ್ಜ್‌ನ ನಿವಾಸಿ ನಗರದ ಪಾಲಿಗಾಗಿ ಹೊರುವುದು ಕೇಂದ್ರದ ಪಾಲಿಗೆ ದೇಶದ ಒಬ್ಬ ಪ್ರಜೆ ಹೊರುವುದರ ಸುಮಾರು 190 ಪಟ್ಟು. ಈ ಒಂದು ಸಂಖ್ಯೆ ಚರ್ಚೆಯಲ್ಲಿ ಸಾಕಷ್ಟು ಕೇಳಿಬರುವುದಿಲ್ಲ.

ಎರಡೂ ಕಡೆಯ ವಾದ

ಕಡಿತವನ್ನು ಸಮರ್ಥಿಸುವವರು ಹೇಳುವುದು ನೇರವಾಗಿದೆ. ಆಸ್ಪತ್ರೆ, ಶಾಲೆಗೇ ಹಣ ಕಡಿಮೆಯಾಗುತ್ತಿರುವಾಗ ಗ್ಯಾಲರಿ ತುಂಬಿಸುವ ಸಂಸ್ಥೆ ಸ್ವಲ್ಪ ದರ ಏರಿಸಿಕೊಳ್ಳಲಿ. ಬರುವವರಲ್ಲಿ ಬಹಳಷ್ಟು ಜನ ಜರ್ಮನಿ, ಸ್ವಿಜರ್ಲೆಂಡ್‌ನವರು; ಅವರ ಸೀಟಿಗೆ ಆಸ್ಟ್ರಿಯಾದ ತೆರಿಗೆದಾರ ಯಾಕೆ ಹಣ ಕೊಡಬೇಕು?

ಹೋಟೆಲಿನವರು, ವ್ಯಾಪಾರಿಗಳು ಇದಕ್ಕೆ ಕೊಡುವ ಉತ್ತರ: ಹೊರಗಿನವರು ಬರುವುದೇ ಲಾಭ. ರಾತ್ರಿ ಹನ್ನೊಂದು ದಾಟಿ ಆಟ ಮುಗಿದ ಮೇಲೆ ದೂರದವರು ಉಳಿದುಕೊಳ್ಳಲೇಬೇಕು, ಕೋಣೆ, ಊಟ, ಹಡಗು ಎಲ್ಲಕ್ಕೂ ಖರ್ಚು ಮಾಡುತ್ತಾರೆ. ಮ್ಯೂನಿಕ್‌ನಿಂದ ಜ್ಯೂರಿಕ್‌ಗೆ ಹೋಗುವ ರೈಲು ಬ್ರೆಗೆನ್ಜ್‌ನಲ್ಲೇ ನಿಲ್ಲುತ್ತದೆ. ಆ ಎರಡು ನಗರಗಳಲ್ಲಿ ನೆಲೆಸಿರುವ ನಮ್ಮವರಿಗೂ ಇದು ಹತ್ತಿರದ ಊರು. ವಾದ ಸರಿಯೇ, ಆದರೆ ಪೂರ್ತಿಯಲ್ಲ. ಪ್ರವಾಸಿ ಮಾಡುವ ಖರ್ಚಿನ ಮೇಲಿನ ಮೌಲ್ಯವರ್ಧಿತ ತೆರಿಗೆ ಮೊದಲು ಸೇರುವುದು ಕೇಂದ್ರವನ್ನು, ಊರಿಗೆ ಮರಳುವುದು ಹಂಚಿಕೆ ಸೂತ್ರದ ಮೂಲಕ. ನಗರಕ್ಕೆ ನೇರವಾಗಿ ದಕ್ಕುವುದು ಸಂಬಳದ ಮೊತ್ತದ ಮೇಲಿನ ಶೇ 3ರ ಸ್ಥಳೀಯ ತೆರಿಗೆ ಮತ್ತು ಅತಿಥಿ ತೆರಿಗೆಯಂಥವು. ಲಾಭ ಇಡೀ ಪ್ರದೇಶಕ್ಕೆ, ಭಾರ ಊರಿಗೆ ಎಂಬ ಅಸಮತೋಲನ ಇದ್ದೇ ಇದೆ.

ದರ ಏರಿಕೆಯ ಸಲಹೆಗೂ ಮಿತಿಯುಂಟು. ಆಸನ ಹೆಚ್ಚಿಸಲಾಗದು. ರಾತ್ರಿಗಳನ್ನು ಹೆಚ್ಚಿಸಿದರೆ ಸೆಪ್ಟೆಂಬರ್‌ನ ಚಳಿಗೆ ಹೋಗಬೇಕು. ಮುಂದಿನ ಸಾಲುಗಳ ದರ ಏರಿಸಬಹುದು, ಆದರೆ ಮಳೆಯಲ್ಲಿ ನೆನೆಯುವ ಸಾಧ್ಯತೆ ಇರುವ ಸೀಟಿಗೆ ಜನ ಎಷ್ಟು ಕೊಟ್ಟಾರು ಎಂಬುದಕ್ಕೆ ಒಂದು ಮೇಲ್ಮಿತಿ ಇದೆ. ದರ ಏರಿದಷ್ಟೂ ಮಳೆ ರಾತ್ರಿ ಮರಳಿಸಬೇಕಾದ ಮೊತ್ತವೂ ಏರುತ್ತದೆ ಎಂಬುದನ್ನು ಈ ಸಲಹೆ ಕೊಡುವವರು ಮರೆಯುತ್ತಾರೆ.

ಪೆಟ್ಟು ಬೀಳುವುದು ಎಲ್ಲಿ

ಸರೋವರದ ಮೇಲೆ ಸದ್ಯಕ್ಕೆ ಏನೂ ಕಾಣದು. ಆ ಸಜ್ಜಿಕೆಗಳನ್ನು ವರ್ಷಗಳ ಮುಂಚೆ ಯೋಜಿಸಿರುತ್ತಾರೆ, ಗಾಯಕರ ಒಪ್ಪಂದಗಳಿಗೂ ಆಗಲೇ ಸಹಿ ಬಿದ್ದಿರುತ್ತದೆ. ಮೇಲಾಗಿ, ಹಣ ತರುವ ರಂಗಕ್ಕೆ ಯಾರೂ ಮೊದಲು ಕೈ ಹಾಕುವುದಿಲ್ಲ. ಕಡಿತಕ್ಕೆ ಸುಲಭವಾಗಿ ಸಿಗುವುದು ಕಾರ್ಯಾಗಾರ ರಂಗದ ಹೊಸ ಕೃತಿ, ಕಛೇರಿಗಳ ಸಂಖ್ಯೆ, ಖಾಲಿಯಾದ ಹುದ್ದೆ. ಆಮೇಲೆ ಭವನದ ಒಪೆರಾ: ಬೇರೆ ಊರಿನ ಮಂದಿರದ ಜೊತೆ ಸೇರಿ ನಿರ್ಮಿಸಿದರೆ ಸಜ್ಜಿಕೆಯ ಖರ್ಚು ಅರ್ಧವಾಗುತ್ತದೆ, ಆದರೆ ಇಬ್ಬರಿಗೂ ಒಪ್ಪುವ ಕೃತಿಯನ್ನೇ ಆರಿಸಬೇಕಾಗುತ್ತದೆ. ‘ಪ್ಯಾಸೆಂಜರ್’ನಂಥ ಸಾಹಸಕ್ಕೆ ಜೊತೆಗಾರರು ಸಿಗುವುದು ಎಷ್ಟೋ ಕಷ್ಟ.

ಎರಡನೆಯ ಪರಿಣಾಮ ನಿಧಾನದ್ದು. ಮೀಸಲು ನಿಧಿ ಕರಗಿದಂತೆ ಮಳೆಯ ಹೊಡೆತ ತಡೆಯುವ ಶಕ್ತಿ ಕುಗ್ಗುತ್ತದೆ. ಆಗ ‘ಆಂದ್ರೆ ಶೆನಿಯೆ’ಯಂಥ ಪ್ರಯೋಗದ ಮಾತು ಆಡಳಿತ ಮಂಡಳಿಯ ಸಭೆಯಲ್ಲೇ ಬಿದ್ದುಹೋಗುತ್ತದೆ, ಸರೋವರದ ಪಟ್ಟಿ ಏಳೆಂಟು ಜನಪ್ರಿಯ ಕೃತಿಗಳಲ್ಲೇ ಸುತ್ತುತ್ತದೆ. ಕಡಿತ ತಾತ್ಕಾಲಿಕವೋ ಶಾಶ್ವತವೋ ಎಂಬುದನ್ನು ತಿಳಿಯಲು ಬಜೆಟ್ ಭಾಷಣಕ್ಕಿಂತ ಉತ್ಸವದ ಕಾರ್ಯಕ್ರಮ ಪಟ್ಟಿಯನ್ನು ಓದುವುದು ಮೇಲು. ಭವನದೊಳಗಿನ ಒಪೆರಾ ಸ್ವಂತ ನಿರ್ಮಾಣವೋ ಬೇರೆಯವರಿಂದ ತಂದದ್ದೋ, ಕಾರ್ಯಾಗಾರ ರಂಗದಲ್ಲಿ ಎಷ್ಟು ಹೊಸ ಕೃತಿಗಳಿವೆ, ಕಡಿಮೆ ದರದ ಸಾಲುಗಳು ಎಷ್ಟು ಉಳಿದಿವೆ, 2028ಕ್ಕೆ ಸರೋವರದ ಮೇಲೆ ಯಾವ ಹೆಸರು ಬರುತ್ತದೆ ಎಂಬ ನಾಲ್ಕನ್ನು ವರ್ಷದಿಂದ ವರ್ಷಕ್ಕೆ ಹೋಲಿಸಿದರೆ ಸಾಕು.